ಜಬಲ್ ಶಮ್ಸ್ ಬೆಟ್ಟದ ಮೇಲೆ ಕಂಡ ಮಳೆ ನಕ್ಷತ್ರಗಳು

ಮಸ್ಕತ್,
ಡಿಸೆಂಬರ್ 23

ತೀರ್ಥರೂಪ ಅಪ್ಪನವರ ಹಾಗೂ ಮಾತೋಶ್ರೀ ಅವ್ವನವರ ಪಾದಗಳಿಗೆ ಮಗಳ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವು ಮೂವರೂ ಕ್ಷೇಮವಾಗಿದ್ದೇವೆ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರಬೇಕು.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿದ ಫೋಟೋಗಳನ್ನು ತಮ್ಮ ಕಳಿಸಿದ್ದಾನೆ. ಬಿಳಿಜೋಳದ ನಡುವೆ ನೀವು ನಿಂತಿರುವುದನ್ನೂ, ಅವ್ವ ಬನ್ನಿ ಗಿಡದ ಬುಡದಲ್ಲಿ ಬುತ್ತಿ ಬಿಚ್ಚುತ್ತಿರುವುದನ್ನೂ ನೋಡಿ, ಈ ವರ್ಷವೂ ಬರಲಾಗಲಿಲ್ಲವೆಂದು ಮನಸ್ಸು ಭಾರವಾಯಿತು. ಆದರೆ ಆ ರಾತ್ರಿ ನಾವೂ ಮನೆಯೊಳಗೆ ಇರಲಿಲ್ಲ, ಬೆಟ್ಟದ ಮೇಲೆ ಬಯಲಿನಲ್ಲಿ ಡೇರೆ ಹಾಕಿಕೊಂಡು ನಕ್ಷತ್ರ ನೋಡುತ್ತಿದ್ದೆವು. ನೀವು ಪಕ್ಕದಲ್ಲಿ ಇರಬೇಕಾಗಿತ್ತು ಎಂದು ಆ ರಾತ್ರಿ ಎಷ್ಟು ಸಲ ಅನಿಸಿತೋ ಲೆಕ್ಕವಿಲ್ಲ. ಆದ್ದರಿಂದ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸದೆ ಈ ಪತ್ರ ಬರೆಯುತ್ತಿದ್ದೇನೆ.

ನಾವು ಹೋದದ್ದು ಜಬಲ್ ಶಮ್ಸ್‌ಗೆ. ಸುಮಾರು 3,000 ಮೀಟರ್ ಎತ್ತರದ ಈ ಬೆಟ್ಟವೇ ಒಮಾನಿನಲ್ಲಿ ಎಲ್ಲಕ್ಕಿಂತ ಎತ್ತರವಾದದ್ದು. ಹೆಸರಿನ ಅರ್ಥ ಸೂರ್ಯನ ಬೆಟ್ಟ ಎಂದು. ತುದಿಗೆ ಹೋಗಲು ಸಾರ್ವಜನಿಕರಿಗೆ ಬಿಡುವುದಿಲ್ಲ, ಡೇರೆ ಹಾಕುವುದು ಸುಮಾರು 2,000 ಮೀಟರ್ ಎತ್ತರದಲ್ಲಿರುವ ವಿಶಾಲವಾದ ಹಾಸಿನ ಮೇಲೆ. ಮಸ್ಕತ್‌ನಿಂದ ನಿಜ್ವಾ ಮಾರ್ಗವಾಗಿ ಹೋದರೆ ಸುಮಾರು 240 ಕಿ.ಮೀ. ಆದರೆ ನಿಮ್ಮ ಅಳಿಯನವರೂ ಅವರ ಸಹೋದ್ಯೋಗಿಗಳೂ ಸೇರಿ ಪರ್ವತವನ್ನು ಉತ್ತರದ ಕಡೆಯಿಂದ ಅಡ್ಡ ಹಾಯುವ ವಾದಿ ಬನಿ ಔಫ್ ಕಣಿವೆಯ ದಾರಿಯನ್ನೇ ಆರಿಸಿಕೊಂಡರು. ವಾದಿ ಎಂದರೆ ನಮ್ಮ ಕಡೆಯ ದೊಡ್ಡ ಹಳ್ಳದಂತೆ. ವರ್ಷದ ಬಹುಕಾಲ ಒಣಗಿರುತ್ತದೆ, ಎಲ್ಲೋ ಮೇಲೆ ಮಳೆ ಬಿದ್ದರೆ ಮಾತ್ರ ಕ್ಷಣದಲ್ಲಿ ತುಂಬಿ ಬರುತ್ತದೆ. ಹವಾಮಾನ ವರದಿ ನೋಡಿಕೊಂಡೇ ಹೊರಟಿದ್ದೆವು, ನೀವು ಚಿಂತಿಸಬೇಕಾಗಿಲ್ಲ.

ಎರಡು ಫೋರ್ ವೀಲ್ ಗಾಡಿಗಳಲ್ಲಿ ನೀರಿನ ಕ್ಯಾನು, ಗ್ಯಾಸ್ ಒಲೆ, ಕಟ್ಟಿಗೆ, ರಜಾಯಿ ತುಂಬಿಕೊಂಡು ಶುಕ್ರವಾರ ನಸುಕಿನಲ್ಲಿ ಹೊರಟೆವು. ದಾರಿ ಕಲ್ಲುಮಣ್ಣಿನದು, ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಪ್ರಪಾತ. ಎದುರಿನಿಂದ ಗಾಡಿ ಬಂದರೆ ಯಾರಾದರೂ ಒಬ್ಬರು ಅಗಲವಾದ ಜಾಗ ಸಿಗುವವರೆಗೆ ಹಿಂದಕ್ಕೆ ಸರಿಯಬೇಕು. ಬಲದ್ ಸೀತ್ ಎಂಬ ಊರು ದಾಟಿದ ಮೇಲಿನ ಏರಿನಲ್ಲಿ ಚೂಪುಗಲ್ಲು ಹೊಕ್ಕು ನಮ್ಮ ಗಾಡಿಯ ಚಕ್ರ ಪಂಕ್ಚರ್ ಆಯಿತು. ಇಳಿಜಾರಿನಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ಸ್ಟೆಪ್ನಿ ಹಾಕುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಆ ಹೊತ್ತಿನಲ್ಲಿ ನಾನು ಕೆಳಗಿನ ಊರನ್ನೇ ನೋಡುತ್ತ ಕುಳಿತಿದ್ದೆ. ಸುತ್ತಲೂ ಒಂದು ಹುಲ್ಲುಕಡ್ಡಿಯೂ ಕಾಣದ ಬೋಳು ಬೆಟ್ಟಗಳು, ನಡುವೆ ಅಂಗೈಯಗಲದಷ್ಟು ಖರ್ಜೂರದ ತೋಟ ಮತ್ತು ಮೆಟ್ಟಿಲು ಮೆಟ್ಟಿಲಾಗಿ ಹಸಿರು ಗದ್ದೆ. ಇಷ್ಟು ಒಣ ನಾಡಿನಲ್ಲಿ ಈ ಹಸಿರನ್ನು ಉಳಿಸಿದ ನೀರು ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರ ರಾತ್ರಿ ಸಿಕ್ಕಿತು.

ಮೇಲೆ ತಲುಪುವಾಗ ಹೊತ್ತು ಮುಳುಗುತ್ತಿತ್ತು. ಬದಿಯಲ್ಲೇ ಸುಮಾರು 1,000 ಮೀಟರ್ ಆಳದ ಕಮರಿ ಇರುವುದರಿಂದ ಅದಕ್ಕೆ ದೂರವಾಗಿ, ಜ್ಯೂನಿಪರ್ ಮರಗಳ ಮರೆಯಲ್ಲಿ ಡೇರೆ ಹಾಕಿದೆವು. ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಒಯ್ದಿದ್ದೆ. ಒಂದು ತುತ್ತನ್ನು ಮರದ ಬುಡಕ್ಕೆ ಇಟ್ಟು ನಾವು ಉಂಡೆವು. ಚಳಿ ಎಷ್ಟಿತ್ತೆಂದರೆ ಎರಡು ಸ್ವೆಟರಿನ ಮೇಲೆ ಕೌದಿ ಹೊದ್ದರೂ ಬೆರಳುಗಳು ಮರಗಟ್ಟುತ್ತಿದ್ದವು. ಒಲೆ ಆರಿಸಿ, ಬ್ಯಾಟರಿಗೆ ಕೆಂಪು ಕಾಗದ ಸುತ್ತಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಅರ್ಧ ಗಂಟೆ ಸುಮ್ಮನೆ ಕುಳಿತೆವು.

ಅಪ್ಪಾ, ನೀವು ಬಾಯಿಪಾಠ ಮಾಡಿಸಿದ ಮಳೆಗಳ ಹೆಸರುಗಳೆಲ್ಲ ಆ ರಾತ್ರಿ ನನ್ನ ತಲೆಯ ಮೇಲಿಂದ ಸಾಲಾಗಿ ಹಾದುಹೋದವು. ಒಂಬತ್ತರ ಸುಮಾರಿಗೆ ಭರಣಿ ನಡುನೆತ್ತಿಯಲ್ಲಿತ್ತು. ಹತ್ತು ಗಂಟೆ ದಾಟುವಾಗ ಕೃತ್ತಿಕೆ ಅಲ್ಲಿಗೆ ಬಂತು. ಹನ್ನೊಂದರ ಹೊತ್ತಿಗೆ ಕೆಂಪಗೆ ಹೊಳೆಯುವ ರೋಹಿಣಿ, ನಡುರಾತ್ರಿಗೆ ಮೃಗಶಿರ, ಅದರ ಬೆನ್ನಿಗೇ ಆರ್ದ್ರಾ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ", "ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ" ಎಂದು ನಾನು ಹೇಳುತ್ತಿದ್ದರೆ ಮಗ ಒಂದೊಂದನ್ನೂ ಬೆರಳಿನಿಂದ ತೋರಿಸುತ್ತಿದ್ದ. ಹಾಗಾದರೆ ರೋಹಿಣಿ ಮಳೆ ಬರುವಾಗಲೂ ಈ ಚುಕ್ಕಿ ಹೀಗೆಯೇ ಕಾಣುತ್ತದೆಯೇ ಎಂದು ಅವನು ಕೇಳಿದ. ಕಾಣುವುದಿಲ್ಲ. ಸೂರ್ಯನು ಯಾವ ನಕ್ಷತ್ರದಲ್ಲಿ ಇರುತ್ತಾನೋ ಆ ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಆದ್ದರಿಂದ ಮೇ 25ರ ಸುಮಾರಿಗೆ ರೋಹಿಣಿ ಮಳೆ ಹೂಡುವಾಗ ರೋಹಿಣಿಯು ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಮುಂಗಾರಿನ ನಕ್ಷತ್ರಗಳನ್ನು ಇಡಿಯಾಗಿ, ನಡುರಾತ್ರಿಯ ನೆತ್ತಿಯ ಮೇಲೆ ನೋಡಬೇಕಾದರೆ ಹೀಗೆ ಚಳಿಗಾಲದಲ್ಲಿ, ಚರಗದ ಹೊತ್ತಿನಲ್ಲೇ ನೋಡಬೇಕು. ಇದನ್ನು ಅವನಿಗೆ ವಿವರಿಸುವಾಗಲೇ ನನಗೂ ಪೂರ್ತಿಯಾಗಿ ಅರ್ಥವಾಯಿತು.

ನಮ್ಮ ಜೊತೆ ಬಂದಿದ್ದ ಒಬ್ಬ ಹಿರಿಯ ಸಹೋದ್ಯೋಗಿ ಬೆಟ್ಟದ ಬುಡದ ಅಲ್ ಹಮ್ರಾ ಊರಿನವರು, ಹಿಂದಿ ಬಲ್ಲವರು. ನಾವು ಕೃತ್ತಿಕೆ ಎಂದದ್ದನ್ನು ಅವರು ಥುರಯ್ಯಾ ಎಂದರು. ಅದರ ಹಿಂದೆಯೇ ಬರುವ ರೋಹಿಣಿಗೆ ದಬರಾನ್, ಅಂದರೆ ಹಿಂಬಾಲಿಸುವವನು ಎಂದು ಹೆಸರಂತೆ. ಆಮೇಲೆ ಅವರು ನೀರಿನ ವಿಷಯ ಹೇಳಿದರು. ಇಲ್ಲಿನ ಹಳ್ಳಿಗಳು ಬದುಕಿರುವುದು ಫಲಜ್ ಎಂಬ ಕಾಲುವೆಗಳಿಂದ. ಬೆಟ್ಟದ ಒಳಗಿನ ನೀರನ್ನು ಇಳಿಜಾರಿನ ಬಲದಿಂದಲೇ ಊರಿಗೆ ತರುತ್ತಾರೆ, ಪಂಪಿನ ಹಂಗಿಲ್ಲ. ಒಮಾನಿನಲ್ಲಿ ಇಂದಿಗೂ ಸುಮಾರು 3,000 ಫಲಜ್‌ಗಳು ಹರಿಯುತ್ತಿದ್ದು, ನಿಜ್ವಾದ ಫಲಜ್ ದಾರಿಸ್ ಸೇರಿದಂತೆ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಒಂದೊಂದು ತೋಟಕ್ಕೂ ನೀರಿನ ಪಾಳಿ ಗೊತ್ತುಮಾಡಿರುತ್ತಾರೆ. ಸುಮಾರು ಅರ್ಧ ಗಂಟೆಯ ಪಾಲಿಗೆ ಅಥರ್ ಎನ್ನುತ್ತಾರೆ. ಗಡಿಯಾರ ಇಲ್ಲದ ಕಾಲದಲ್ಲಿ ಹಗಲು ನೆಟ್ಟ ಕೋಲಿನ ನೆರಳನ್ನು ಅಳೆದರೆ ರಾತ್ರಿ ನಕ್ಷತ್ರಗಳನ್ನು ನೋಡಿಯೇ ಹಂಚುತ್ತಿದ್ದರು. ಗೊತ್ತುಮಾಡಿದ ನಕ್ಷತ್ರ ಬೆಟ್ಟದ ಏಣಿನ ಮೇಲೆ ತಲೆಯೆತ್ತಿತೆಂದರೆ ಒಬ್ಬರ ಪಾಳಿ ಮುಗಿಯಿತು, ಇನ್ನೊಬ್ಬರು ಮಡೆಯ ಕಲ್ಲು ತೆಗೆಯಬೇಕು. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷದಷ್ಟು ಮೊದಲೇ ಹುಟ್ಟುವುದರಿಂದ, ನೀರು ಬಿಡುವವನಿಗೆ ವರ್ಷದ ಎಲ್ಲ ರಾತ್ರಿಗಳ ಲೆಕ್ಕವೂ ತಿಳಿದಿರಬೇಕಾಗಿತ್ತು. ಚಿಕ್ಕಂದಿನಲ್ಲಿ ತಂದೆಯ ಜೊತೆ ತೋಟದಲ್ಲಿ ಮಲಗಿ, ಚುಕ್ಕಿ ಮೂಡಿತೆಂದು ಎಬ್ಬಿಸಿದಾಗ ನಿದ್ದೆಗಣ್ಣಿನಲ್ಲಿ ಕಾಲುವೆಯ ಕಡೆ ಓಡುತ್ತಿದ್ದುದನ್ನು ಅವರು ನೆನೆದರು. ಪಾಳಿಯ ನೀರು ಒಂದು ಕ್ಷಣವೂ ಪೋಲಾಗಬಾರದೆಂಬ ಅವರ ತಂದೆಯ ಕಾಳಜಿಯನ್ನು ಕೇಳುವಾಗ, ಮುಗಿಲು ನೋಡುತ್ತ ಕೂರಿಗೆ ಸಿದ್ಧಪಡಿಸಿಕೊಂಡು ಕಾಯುತ್ತಿದ್ದ ನಮ್ಮ ಅಜ್ಜನೇ ಕಣ್ಣೆದುರು ಬಂದರು.

ಹತ್ತೂವರೆಯ ಹೊತ್ತಿಗೆ ದಕ್ಷಿಣದ ದಿಬ್ಬದ ಮೇಲೆ ಒಂದೇ ಒಂದು ದೊಡ್ಡ ಚುಕ್ಕಿ ಮಿಣುಗತೊಡಗಿತು. ಸಹೋದ್ಯೋಗಿಗಳು ಎದ್ದು ನಿಂತು "ಸುಹೈಲ್" ಎಂದರು. ಆಗಸ್ಟ್ ಕೊನೆಯ ವಾರದಲ್ಲಿ ನಸುಕಿನಲ್ಲಿ ಅದು ಮೂಡಿದರೆ ಬೇಸಗೆಯ ಬೇಗೆ ಇಳಿಯತೊಡಗುತ್ತದೆಂದು ಅರಬರೆಲ್ಲ ಅದಕ್ಕಾಗಿ ಕಾಯುತ್ತಾರೆ. ಅದೇ ನಮ್ಮ ಅಗಸ್ತ್ಯ ನಕ್ಷತ್ರ. ವಿಂಧ್ಯವನ್ನು ದಾಟಿ ದಕ್ಷಿಣಕ್ಕೆ ಬಂದ, ಕಾವೇರಿಯನ್ನು ಕಮಂಡಲುವಿನಲ್ಲಿ ಇರಿಸಿಕೊಂಡಿದ್ದ ಋಷಿಯ ಕಥೆಯನ್ನು ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತನಾಡದೆ ಅದನ್ನೇ ನೋಡುತ್ತಿದ್ದರು.

ಇಲ್ಲಿಂದ ಅಗಸ್ತ್ಯ ಹೆಚ್ಚೆಂದರೆ ಒಂದೂವರೆ ಮುಷ್ಟಿಯಷ್ಟು ಎತ್ತರಕ್ಕೆ ಏರುತ್ತದೆ. ನಮ್ಮ ಗದಗಿನ ಕಡೆ, ನಾವು ಇನ್ನೂ ದಕ್ಷಿಣಕ್ಕಿರುವುದರಿಂದ, ಕೈ ಚಾಚಿ ಹಿಡಿದರೆ ಒಂದು ಗೇಣಿನಷ್ಟು ಮೇಲೆ ಕಾಣುತ್ತದೆ. ಬರುವ ಅಮಾವಾಸ್ಯೆಯ ರಾತ್ರಿ ಹನ್ನೊಂದರ ಸುಮಾರಿಗೆ ಮಾಳಿಗೆ ಹತ್ತಿ ಅವ್ವನಿಗೂ ತೋರಿಸಿರಿ. ಎಲ್ಲಕ್ಕಿಂತ ಹೆಚ್ಚು ಹೊಳೆಯುವ ಲುಬ್ಧಕದಿಂದ ಕೆಳಗೆ, ನೇರ ದಕ್ಷಿಣಕ್ಕೆ ನೋಡಬೇಕು. ಚಳಿಗೆ ಕಿವಿ ಕಟ್ಟಿಕೊಳ್ಳುವುದನ್ನು ಮರೆಯಬೇಡಿರಿ.

ಇನ್ನೊಂದು ಕೋರಿಕೆ. ಮಗ ಒಂದು ವಹಿಯಲ್ಲಿ ನಕ್ಷತ್ರಗಳ ಕನ್ನಡ ಹೆಸರು, ಅರಬ್ಬೀ ಹೆಸರು ಬರೆದು ಮೂರನೆಯ ಸಾಲನ್ನು ಖಾಲಿ ಬಿಟ್ಟಿದ್ದಾನೆ. ಕಣದಲ್ಲಿ ರಾಶಿ ಕಾಯುತ್ತ ಮಲಗಿದಾಗ ಅಜ್ಜ ಕೃತ್ತಿಕೆಗೂ ಅದರ ಸುತ್ತಲಿನ ಚುಕ್ಕಿಗಳಿಗೂ ಪಂಚಾಂಗದಲ್ಲಿ ಇಲ್ಲದ ಬೇರೆಯೇ ಹೆಸರುಗಳನ್ನು ಹೇಳುತ್ತಿದ್ದರು. ನನಗೆ ಒಂದೂ ನೆನಪಿಗೆ ಬರುತ್ತಿಲ್ಲ. ನಿಮಗೆ ನೆನಪಿರುವಷ್ಟನ್ನು, ಸೋದರತ್ತೆಯನ್ನೂ ಕೇಳಿ, ಮುಂದಿನ ಪತ್ರದಲ್ಲಿ ಬರೆದು ಕಳಿಸಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು