ಶಾಮಿಯಾನದ ಬಿಲ್ ಯಾರ ಹೆಸರಿಗೆ?

ಚಿ. ಮಂಜುನಾಥನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಮುಂದಿನ ತಿಂಗಳ ಪಕ್ಷದ ಸಮಾವೇಶಕ್ಕೆ ನಲವತ್ತು ಬಸ್ಸು, ಮೇಲೆ ಊಟ, ಎಲ್ಲಾ ನಿನ್ನ ಲೆಕ್ಕಕ್ಕೆ ಅಂತ ಒಪ್ಪಿಕೊಂಡಿದ್ದೀಯಂತೆ. ಅತ್ತಿಗೆ ಫೋನ್ ಮಾಡಿ ಹೇಳಿದರು.

ನಾನು ಇಪ್ಪತ್ತೆಂಟು ವರ್ಷ ಶಾಮಿಯಾನ ಹಾಕಿದವನು. ಎಲ್ಲಾ ಪಕ್ಷದವರಿಗೂ ಹಾಕಿದ್ದೇನೆ. ಮದುವೆಯಲ್ಲಾದರೆ ಬಿಲ್ ಯಾರಿಗೆ ಅಂತ ಕೇಳಬೇಕಿಲ್ಲ, ಹುಡುಗಿಯ ಅಪ್ಪ ಎದುರಿಗೇ ನಿಂತಿರುತ್ತಾನೆ. ಸಮಾವೇಶದಲ್ಲಿ ಐದು ಸಾವಿರ ಕುರ್ಚಿ ಇಳಿಸಿ, 'ಯಾರ ಹೆಸರಿಗೆ ಬರೀಲಿ ಸ್ವಾಮಿ?' ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಂದು ಸಲ, 'ಹೆಸರು ಬೇಡ, ಸುಮ್ನೆ ಮೊತ್ತ ಬರಿ' ಅಂದರು. ರಾತ್ರಿ ಒಬ್ಬ ಮರಳು ಕಂಟ್ರಾಕ್ಟರ್ ಕಡೆಯ ಹುಡುಗ ಅಕ್ಕಿ ಚೀಲದಲ್ಲಿ ನೋಟಿನ ಕಂತೆ ತಂದುಕೊಟ್ಟ. ನಾನೂ ತೆಗೆದುಕೊಂಡೆ, ಸುಳ್ಳು ಯಾಕೆ ಹೇಳಲಿ.

ದೊಡ್ಡವರದ್ದೂ ಇದೇ ಕಥೆ, ಚೀಲದ ಬದಲು ಬಾಂಡ್ ಅಷ್ಟೆ. 2018ರಲ್ಲಿ ಚುನಾವಣಾ ಬಾಂಡ್ ಬಂತಲ್ಲ, ಎಸ್‌ಬಿಐನಲ್ಲಿ ಕೊಂಡು ಪಕ್ಷಕ್ಕೆ ಕೊಡುವುದು. ಕೊಟ್ಟವರು ಯಾರು ಅಂತ ಜನರಿಗೆ ಗೊತ್ತಾಗುತ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ಮತದಾರನಿಗೆ ತಿಳಿಯುವ ಹಕ್ಕಿದೆ ಅಂತ. ಮಾರ್ಚ್‌ನಲ್ಲಿ ಪಟ್ಟಿ ಹೊರಬಿತ್ತು. ಎಲ್ಲರಿಗಿಂತ ಜಾಸ್ತಿ ಕೊಂಡಿದ್ದು ಒಂದು ಲಾಟರಿ ಕಂಪನಿ, 1,368 ಕೋಟಿ! ಆ ದುಡ್ಡು ಹಲವು ಪಕ್ಷಗಳಿಗೆ ಹಂಚಿ ಹೋಗಿತ್ತು. ಸಿದ್ಧಾಂತ ನೋಡಿ ಕೊಟ್ಟರು ಅಂತ ನನಗಂತೂ ಅನಿಸಲಿಲ್ಲ.

ನಿನ್ನ ಕ್ರಷರ್ ಲೈಸೆನ್ಸು ನವೀಕರಣಕ್ಕೆ ಬಂದಿದೆ ಅಂತ ನನಗೆ ಗೊತ್ತು. ಪಕ್ಷದವರಿಗೂ ಗೊತ್ತು, ಅಲ್ವಾ? ಈ ಸಲ ನಲವತ್ತು ಬಸ್ಸು ಕೊಟ್ಟವನನ್ನು ಮುಂದಿನ ಸಲ ಎಂಬತ್ತು ಕೇಳುತ್ತಾರೆ. ಎದುರು ಪಕ್ಷ ಗೆದ್ದರೆ ಅವರೂ ಬಾಗಿಲಿಗೆ ಬರುತ್ತಾರೆ.

ಕೊಡಲೇಬೇಡ ಅನ್ನುತ್ತಿಲ್ಲ. ಕಾಲೇಜಿನಿಂದಲೂ ನಿನಗೆ ಆ ಪಕ್ಷ ಇಷ್ಟ. ಆದರೆ ಪಕ್ಷದ ಖಾತೆಗೇ ಚೆಕ್ ಕೊಡು, ರಸೀದಿ ತಗೋ. 2,000 ರೂಪಾಯಿಗಿಂತ ಜಾಸ್ತಿ ದೇಣಿಗೆಯನ್ನು ನಗದಲ್ಲಿ ತೆಗೆದುಕೊಂಡರೆ ಪಕ್ಷಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. 20,000 ದಾಟಿದರೆ ನಿನ್ನ ಹೆಸರು ಚುನಾವಣಾ ಆಯೋಗಕ್ಕೆ ಹೋಗುತ್ತದೆ. ಹೋಗಲಿ. ಊರಿನವರು ಆ ಹೆಸರು ಓದಿದರೆ ನಿನಗೆ ಮುಜುಗರ ಆಗಬಾರದು, ಅಷ್ಟು ಕೊಡು. ಇನ್ನೊಂದು, ಚುನಾವಣೆ ಹೊತ್ತಲ್ಲಿ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಸಭೆಗೆ ಖರ್ಚು ಮಾಡುವುದೂ ಅಪರಾಧ. ಕೇಸು ಬಿದ್ದರೆ ವೇದಿಕೆ ಮೇಲಿದ್ದವರು ನಿನ್ನ ಪರಿಚಯವೇ ಇಲ್ಲ ಅಂದಾರು.

ಬಸ್ಸಿನವರಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಭಾನುವಾರ ಬಾ, ಕೂತು ಮಾತಾಡೋಣ. ನಿನ್ನ ಚಿಕ್ಕಮ್ಮ ಹುಣಸೆಹಣ್ಣು ತೆಗೆದಿಟ್ಟಿದ್ದಾಳೆ, ಅಮ್ಮನಿಗೆ ಒಯ್ಯಬೇಕಂತೆ.

ಇಂತಿ,
ನಿನ್ನ ಚಿಕ್ಕಪ್ಪ