ನಲ್ಲಿಗೆ ಏರಿಯೇಟರ್ ಬಂತು, ಫ್ಲಶ್ ಟ್ಯಾಂಕ್ ಕಡೆ ನೋಡುವವರು ಯಾರು?

ಮಾನ್ಯ ಸಂಪಾದಕರೇ,

2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಪಟ್ಟ ಪಾಡನ್ನು ನಾವಾರೂ ಮರೆತಿಲ್ಲ. ಕೊಳವೆಬಾವಿಗಳು ಒಂದೊಂದಾಗಿ ಕೈಕೊಟ್ಟವು. ಟ್ಯಾಂಕರ್‌ನವರು ಕೇಳಿದಷ್ಟು ದುಡ್ಡು ತೆರಬೇಕಾಯಿತು. ಆ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದನ್ನು, ಕೈತೋಟಕ್ಕೆ ಬಿಡುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಅಪಾರ್ಟ್‌ಮೆಂಟು, ಹೋಟೆಲು, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಪುಟ್ಟ ಜಾಲರಿ) ಹಾಕಿಸಬೇಕೆಂದೂ ಹೇಳಿತು. ಎಲ್ಲವೂ ಬೇಕಾದ ಕ್ರಮಗಳೇ. ಆದರೆ ನಲ್ಲಿ ತಿರುಗಿಸಿದಾಗ ಮಾತ್ರ ನೀರು ಬರುತ್ತದೆ. ಯಾರೂ ಮುಟ್ಟದಿದ್ದರೂ ಹಗಲೂ ರಾತ್ರಿ ನೀರು ಹರಿದುಹೋಗುವ ಜಾಗ ಕಮೋಡಿನ ಹಿಂದಿರುವ ಫ್ಲಶ್ ಟ್ಯಾಂಕು. ಅದರ ಬಗ್ಗೆ ಅಂದೂ ಯಾರೂ ಚಕಾರ ಎತ್ತಲಿಲ್ಲ, ಇಂದೂ ಎತ್ತುತ್ತಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದಲ್ಲಿ ನೀರಿನ ಉಸ್ತುವಾರಿ ನನ್ನ ಪಾಲಿಗೆ ಬಂದಿರುವುದರಿಂದ ಇದನ್ನು ಹತ್ತಿರದಿಂದ ನೋಡುತ್ತಿದ್ದೇನೆ. ಸಂಪು ತುಂಬಿಸಿ, ಮೇಲಿನ ಟ್ಯಾಂಕಿಗೆ ಏರಿಸಿ ಎಲ್ಲರೂ ಮಲಗಿದ ಮೇಲೂ ನೀರಿನ ಮಟ್ಟ ಇಳಿಯುತ್ತಿರುತ್ತದೆ. ರಾತ್ರಿ ಎರಡು ಗಂಟೆಗೆ ಪೈಪುಗಳು ಇಳಿಯುವ ಡಕ್ಟಿನ ಬಳಿ ನಿಂತು ಕಿವಿಗೊಟ್ಟರೆ ಕಾರಣ ತಿಳಿಯುತ್ತದೆ. ಒಂದು ದೀಪವೂ ಉರಿಯುತ್ತಿಲ್ಲ, ಆದರೂ ಶೌಚದ ಪೈಪಿನೊಳಗೆ ಸಣ್ಣಗೆ ನೀರು ಇಳಿಯುವ ಸದ್ದು ನಿಲ್ಲುವುದಿಲ್ಲ. ಬೀಗ ಹಾಕಿ ಊರಿಗೆ ಹೋದವರ ಮನೆಯಿಂದಲೂ ಆ ಸದ್ದು ಬರುತ್ತದೆ.

ನಲ್ಲಿ ತೊಟ್ಟಿಕ್ಕಿದರೆ ಕಣ್ಣಿಗೆ ಬೀಳುತ್ತದೆ. ಗೋಡೆ ಒದ್ದೆಯಾದರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ. ಫ್ಲಶ್ ಟ್ಯಾಂಕಿನ ಸೋರಿಕೆ ನೇರವಾಗಿ ಚರಂಡಿಗೇ ಇಳಿಯುವುದರಿಂದ ಮನೆಯಲ್ಲಿ ಒಂದು ಹನಿಯ ಗುರುತೂ ಉಳಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಇದನ್ನು ಮೊದಲು ಗಮನಿಸುವವರು ಬಾತ್‌ರೂಮ್ ತೊಳೆಯಲು ಬರುವ ಹೆಂಗಸರು. "ಅಕ್ಕಾ, ನೀರು ಸುರೀತಾನೇ ಇದೆ ನೋಡಿ" ಎಂದು ಅವರು ಹೇಳಿದರೂ "ಪ್ಲಂಬರ್‌ಗೆ ಹೇಳೋಣ ಬಿಡು" ಎಂದು ತಿಂಗಳುಗಟ್ಟಲೆ ಮುಂದೂಡುತ್ತೇವೆ.

ಆ ತಿಂಗಳುಗಳಿಗೆ ಒಂದು ಲೆಕ್ಕ ಹಾಕೋಣ. ಐದು ನಿಮಿಷಕ್ಕೆ ಒಂದು ಲೀಟರ್ ಸೋರುತ್ತಿದೆ ಎಂದುಕೊಳ್ಳಿ. ಕಮೋಡಿನಲ್ಲಿ ಅದು ಸಣ್ಣ ಗೆರೆಯಂತೆ ಕಾಣುವ ಹರಿವು, ಅಷ್ಟೇ. ಗಂಟೆಗೆ 12 ಲೀಟರ್, ದಿನಕ್ಕೆ 288 ಲೀಟರ್. ದೊಡ್ಡ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಕೊಡಬೇಕೆಂಬುದು ಸರ್ಕಾರದ ಮಾನದಂಡ. ಅಂದರೆ ಇಬ್ಬರ ಸ್ನಾನ, ಅಡುಗೆ, ಬಟ್ಟೆ, ಪಾತ್ರೆ ಎಲ್ಲಕ್ಕೂ ಆಗಿ ಮಿಗುವಷ್ಟು ನೀರು ಯಾರ ಉಪಯೋಗಕ್ಕೂ ಬಾರದೆ ಹೋಯಿತು. ತಿಂಗಳಿಗೆ ಅದು 8,640 ಲೀಟರ್. ಗೃಹಬಳಕೆಯಲ್ಲಿ ಜಲಮಂಡಳಿಯ ದರಪಟ್ಟಿಯ ಮೊದಲ ಸ್ಲ್ಯಾಬೇ 8,000 ಲೀಟರ್‌ಗೆ ಮುಗಿಯುತ್ತದೆ. 2014ರ ನಂತರ ಮೊದಲ ಸಲ 2025ರ ಏಪ್ರಿಲ್‌ನಲ್ಲಿ ನೀರಿನ ದರ ಏರಿದೆ, ಬಳಕೆ ಹೆಚ್ಚಿದಂತೆ ಲೀಟರಿನ ಬೆಲೆಯೂ ಹೆಚ್ಚುತ್ತದೆ. ಸ್ವಂತ ಮೀಟರ್ ಇರುವ ಮನೆಯವರು ಬಿಲ್ ಏಕಾಏಕಿ ಹೆಚ್ಚಿತೆಂದು ಮೀಟರನ್ನು ದೂರುವ ಮುನ್ನ ಒಮ್ಮೆ ಕಮೋಡಿನೊಳಗೆ ಇಣುಕಬೇಕು.

ಪತ್ತೆಹಚ್ಚುವುದಕ್ಕೆ ಯಾವ ಯಂತ್ರವೂ ಬೇಡ. ಕಮೋಡಿನೊಳಗೆ ಹಿಂಬದಿಯ ಗೋಡೆಯನ್ನು ಒರೆಸಿ ಒಣಗಿಸಿ, ದಿನಪತ್ರಿಕೆಯ ಒಂದು ಚೂರನ್ನು ಅಲ್ಲಿ ಒತ್ತಿ ಹಿಡಿದರೆ ಸಾಕು. ಸೋರುತ್ತಿದ್ದರೆ ಮೇಲಿಂದ ಕೆಳಕ್ಕೆ ಒದ್ದೆಯ ಗೆರೆ ಮೂಡುತ್ತದೆ. ಇನ್ನೂ ಖಚಿತವಾಗಬೇಕೆಂದರೆ ಟ್ಯಾಂಕಿನ ಮುಚ್ಚಳ ತೆಗೆದು, ಕೇಸರಿಬಾತಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ಕದಡಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಅಷ್ಟರಲ್ಲಿ ಕಮೋಡಿಗೆ ಬಣ್ಣ ಇಳಿದಿದ್ದರೆ ಸೋರಿಕೆ ಇದೆ ಎಂದೇ ಅರ್ಥ.

ತೊಂದರೆ ಹೆಚ್ಚಾಗಿ ಎರಡೇ ಕಡೆ. ಟ್ಯಾಂಕಿನ ನಡುವೆ ನಿಂತಿರುವ ಓವರ್‌ಫ್ಲೋ ಪೈಪಿನ ಬಾಯಿಗೇ ನೀರು ಬಂದು ಒಳಕ್ಕೆ ಇಳಿಯುತ್ತಿದ್ದರೆ, ನೀರು ತುಂಬಿಸುವ ಫ್ಲೋಟ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಅದರ ಸ್ಕ್ರೂ ತಿರುಗಿಸಿ, ಪೈಪಿನ ಬಾಯಿಗಿಂತ ಒಂದು ಇಂಚು ಕೆಳಗೇ ನೀರು ನಿಲ್ಲುವಂತೆ ಮಾಡಬೇಕು. ಹಳೆಯ ಚೆಂಡಿನ ಮಾದರಿಯಾದರೆ ಚೆಂಡಿನೊಳಗೆ ನೀರು ಹೊಕ್ಕಿದೆಯೇ ನೋಡಿ. ಹೊಕ್ಕಿದ್ದರೆ ಅದು ತೇಲುವುದಿಲ್ಲ, ಬದಲಾಯಿಸಲೇಬೇಕು. ನೀರು ಅಷ್ಟು ಮೇಲೆ ಬಾರದಿದ್ದರೂ ಬಣ್ಣ ಇಳಿಯುತ್ತಿದ್ದರೆ ತಳದ ವಾಷರ್ ಕೆಟ್ಟಿದೆ. ಬೆಂಗಳೂರಿನಂಥ ಬೋರ್‌ವೆಲ್ ಊರಿನಲ್ಲಿ ಇದೇ ಹೆಚ್ಚು. ಗಡಸು ನೀರಿನ ಉಪ್ಪು ಆ ರಬ್ಬರ್ ಬಳೆಯ ಅಂಚಿಗೆ ಬೆಳ್ಳಗೆ ಹರಳುಗಟ್ಟಿರುತ್ತದೆ, ಬೆರಳಿಟ್ಟರೆ ಉಪ್ಪುಕಾಗದದಂತೆ ತರಿತರಿ ತಾಕುತ್ತದೆ. ಆ ತರಿಯ ಸಂದಿಯಲ್ಲೇ ನೀರು ನುಸುಳುವುದು. ಟ್ಯಾಂಕಿಗೆ ನೀರು ಬಿಡುವ ಆ್ಯಂಗಲ್ ಕಾಕ್ ಮುಚ್ಚಿ, ಒಮ್ಮೆ ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿಕೊಂಡು, ನಡುವಿನ ವಾಲ್ವನ್ನು ಸ್ವಲ್ಪ ತಿರುಗಿಸಿ ಎತ್ತಿದರೆ ಬಹಳಷ್ಟು ಟ್ಯಾಂಕುಗಳಲ್ಲಿ ಕೈಗೆ ಬರುತ್ತದೆ. ವಾಷರನ್ನು ನಿಂಬೆರಸದಲ್ಲೋ ವಿನೆಗರ್‌ನಲ್ಲೋ ನೆನೆಸಿ ಉಜ್ಜಿ, ಅದು ಕೂರುವ ಜಾಗವನ್ನೂ ಒರೆಸಿ ಹಾಕಿ. ಅಂಚು ಸೀಳಿದ್ದರೆ ಅಥವಾ ಗಟ್ಟಿಯಾಗಿದ್ದರೆ ಹೊಸದು ತನ್ನಿ. ಅಂಗಡಿಗೆ ಹೋಗುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ, ಒಂದು ಕಂಪನಿಯ ಅಳತೆ ಇನ್ನೊಂದಕ್ಕೆ ಕೂರುವುದಿಲ್ಲ. ಟ್ಯಾಂಕಿನೊಳಗೆ ಹಾಕುವ ಬ್ಲೀಚಿಂಗ್ ಮಾತ್ರೆಗಳನ್ನು ದಯವಿಟ್ಟು ಬಿಡಿ, ಅವು ರಬ್ಬರನ್ನೇ ತಿನ್ನುತ್ತವೆ.

ಗೋಡೆಯೊಳಗೆ ಹುದುಗಿಸಿದ ಟ್ಯಾಂಕ್ ಇರುವವರು ಟೈಲ್ಸ್ ಒಡೆಯಬೇಕಾದೀತೆಂದು ಹೆದರಿ ಸುಮ್ಮನಿರುತ್ತಾರೆ. ಒಡೆಯಬೇಕಿಲ್ಲ. ಫ್ಲಶ್ ಬಟನ್ ಇರುವ ಪ್ಲೇಟನ್ನು ತೆಗೆದರೆ ಅದೇ ಕಿಂಡಿಯಿಂದ ಒಳಗಿನ ವಾಲ್ವುಗಳನ್ನು ಹೊರಗೆ ತೆಗೆಯುವಂತೆ ಅವನ್ನು ಮಾಡಿರುತ್ತಾರೆ. ಇದಕ್ಕೆ ಮಾತ್ರ ಕೆಲಸ ಗೊತ್ತಿರುವ ಪ್ಲಂಬರ್ ಇದ್ದರೆ ವಾಸಿ.

ಈ ನೀರು ಎಲ್ಲಿಂದ ಬಂತೆಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಪಂಪ್ ಮಾಡಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ವ್ಯವಸ್ಥೆ ಆಯಿತು. ನಗರಕ್ಕೆ ಸೇರಿದ 110 ಹಳ್ಳಿಗಳು ವರ್ಷಗಟ್ಟಲೆ ಕಾದಿದ್ದು ಈ ನೀರಿಗಾಗಿಯೇ. ಅಷ್ಟು ವಿದ್ಯುತ್ ಸುಟ್ಟು, ಶುದ್ಧೀಕರಿಸಿ ತಂದ ನೀರು ಒಂದು ವಾಷರ್ ಸರಿಯಿಲ್ಲವೆಂದು ಬಳಕೆಯಾಗದೆ ಚರಂಡಿಗೆ ಹೋಗುವುದನ್ನು ಹೇಗೆ ಸಹಿಸುವುದು? ಚರಂಡಿ ನೀರು ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಹೋಗುತ್ತದಲ್ಲ ಎಂದು ಸಭೆಯಲ್ಲಿ ಒಬ್ಬರು ವಾದಿಸಿದರು. ಆ ನೀರನ್ನು ಒಯ್ಯುವ ಕೆ.ಸಿ. ವ್ಯಾಲಿ ಯೋಜನೆ ಕೋಲಾರಕ್ಕೆ ಆಸರೆಯಾಗಿದೆ, ನಿಜ. ಆದರೆ ನಗರದ ಎಲ್ಲ ಚರಂಡಿಯೂ ಅಲ್ಲಿಗೆ ಹೋಗುವುದಿಲ್ಲ. ಕೊಳಕೇ ಆಗದ ನೀರನ್ನು ಕೊಳಚೆಗೆ ಬೆರೆಸಿ ಮತ್ತೆ ಶುದ್ಧೀಕರಿಸುವುದಕ್ಕೂ ವಿದ್ಯುತ್ತು, ಹಣ ಎರಡೂ ಬೇಕು. ನಮ್ಮಂಥ ಕಟ್ಟಡಗಳಲ್ಲಿ ಆ ಹೊರೆ ನಮ್ಮದೇ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಮೇಲೆ ಬೀಳುತ್ತದೆ.

ದುರಸ್ತಿ ಇಷ್ಟು ಸುಲಭವಿದ್ದರೂ ಆಗದಿರಲು ಬಲವಾದ ಕಾರಣ ನೀರಿನ ಬಿಲ್ ಹಂಚುವ ರೀತಿ. ಬಹುಪಾಲು ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೊಂದು ಮೀಟರ್ ಇಲ್ಲ. ಚದರಡಿ ಲೆಕ್ಕದಲ್ಲೋ ಮನೆಗೆ ಇಷ್ಟೆಂದೋ ನಿರ್ವಹಣಾ ಶುಲ್ಕದಲ್ಲಿ ಸೇರಿಸುತ್ತಾರೆ. ಒಬ್ಬರ ಮನೆಯಲ್ಲಿ ಸೋರಿದ್ದಕ್ಕೆ ಎಲ್ಲರೂ ಸ್ವಲ್ಪ ಸ್ವಲ್ಪ ತೆರುತ್ತಾರೆ, ಹಾಗಾಗಿ ಯಾರಿಗೂ ಬಿಸಿ ತಟ್ಟುವುದಿಲ್ಲ. ಬಾಡಿಗೆ ಮನೆಗಳದ್ದು ಇನ್ನೊಂದು ಕಥೆ. ಬಾಡಿಗೆದಾರರು ಮಾಲೀಕರೇ ಮಾಡಿಸಲಿ ಎನ್ನುತ್ತಾರೆ, ಮಾಲೀಕರು ಇರುವವರು ನೋಡಿಕೊಳ್ಳಲಿ ಎನ್ನುತ್ತಾರೆ. ಇಂಥ ಕಡೆ ಸಂಘವೇ ತನ್ನ ಪ್ಲಂಬರನ್ನು ಮನೆಮನೆಗೆ ಕಳಿಸಿ, ವಾಷರ್ ಖರ್ಚನ್ನು ಸಾಮಾನ್ಯ ನಿಧಿಯಿಂದಲೇ ಭರಿಸುವುದು ಉತ್ತಮ. ಪೋಲಾಗುವ ನೀರಿನ ದುಡ್ಡು ಹೇಗಿದ್ದರೂ ಆ ನಿಧಿಯಿಂದಲೇ ಹೋಗುತ್ತಿದೆ. ನಿಧಾನವಾಗಿಯಾದರೂ ಮನೆಗೊಂದು ಮೀಟರ್ ಆಗಲೇಬೇಕು.

ಜಲಮಂಡಳಿಗೆ ನನ್ನದೊಂದು ಮನವಿ. ಏರಿಯೇಟರ್‌ಗೆ ತೋರಿದ ಆಸ್ಥೆಯನ್ನು ಫ್ಲಶ್ ಟ್ಯಾಂಕಿಗೂ ತೋರಲಿ. ನೀರಿನ ಬಿಲ್ಲಿನ ಹಿಂಬದಿಯಲ್ಲಿ ಈ ಬಣ್ಣದ ಪರೀಕ್ಷೆಯನ್ನು ಕನ್ನಡದಲ್ಲಿ ಚಿತ್ರಸಮೇತ ಅಚ್ಚು ಹಾಕಿಸಲಿ. ಶಾಲೆ, ಹಾಸ್ಟೆಲು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಶೌಚಾಲಯಗಳಲ್ಲಿ ಬೇಸಿಗೆಗೆ ಮುನ್ನ ಒಮ್ಮೆ ತಪಾಸಣೆಯಾಗಲಿ. ಅಲ್ಲಿನ ಟ್ಯಾಂಕುಗಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಬೇಡಿಕೆ ಏರುವುದು ಮಾರ್ಚ್‌ನಿಂದ, ಆದ್ದರಿಂದ ಜನವರಿಯ ಬಿಲ್ಲಿನಲ್ಲೇ ಇದು ಜನರ ಕೈ ಸೇರಬೇಕು. ಅದಕ್ಕೂ ಮೊದಲು ತಮ್ಮ ಪತ್ರಿಕೆಯೇ ಒಂದು ಭಾನುವಾರ ಕಾಲು ಪುಟದ ಚಿತ್ರ ಪ್ರಕಟಿಸಿದರೆ, ನಮ್ಮ ಕಟ್ಟಡದ ಲಿಫ್ಟಿನ ಪಕ್ಕ ಅದನ್ನು ಅಂಟಿಸುವ ಕೆಲಸ ನನ್ನದು.

ಇಂತಿ,
ನಿವಾಸಿಗಳ ಸಂಘದ ಒಬ್ಬ ಪದಾಧಿಕಾರಿ
ಬೆಂಗಳೂರು