ಹೊಸ ಜೈಲಿನ ಜಾಗ ಲೆಕ್ಕ ಹಾಕುವ ಮೊದಲು

ಸಂಪಾದಕರಿಗೆ ನಮಸ್ಕಾರ.

ಮಂಗಳೂರಿನ ಹಂಪನಕಟ್ಟೆಯ ಒಂದು ಲಾಡ್ಜಿನಲ್ಲಿ ನಾನು 28 ವರ್ಷ ಮ್ಯಾನೇಜರ್ ಆಗಿದ್ದೆ. ರೂಮುಗಳು ಯಾಕೆ ತುಂಬುತ್ತವೆ ಅಂತ ನನಗೆ ಗೊತ್ತು. ಜನ ಜಾಸ್ತಿ ಬಂದರೆ ತುಂಬುತ್ತವೆ. ಬಂದವರು ಖಾಲಿ ಮಾಡದಿದ್ದರೂ ತುಂಬುತ್ತವೆ. ಮಂಗಳೂರಿನ ಹತ್ತಿರದ ಮುಡಿಪಿನ ಹೊಸ ಜೈಲಿನ ಮಾತು ಬಂದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಎಷ್ಟು ಜನರಿಗೆ ಜಾಗ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಒಳಗೆ ಹೋದವರು ಎಷ್ಟು ದಿನ ಇರುತ್ತಾರೆ, ಯಾಕೆ ಅಷ್ಟು ದಿನ ಇರುತ್ತಾರೆ ಅಂತಲೂ ಕೇಳಬೇಕು ಅಲ್ವಾ?

ನನ್ನ ತಂಗಿಯ ಮಗ ಘಟ್ಟದ ಮೇಲಿನ ಒಂದು ಊರಿನಲ್ಲಿ ಬೇಕರಿ ಕೆಲಸಕ್ಕಿದ್ದ. ಬೀದಿಯಲ್ಲಿ ಆದ ಒಂದು ಹೊಡೆದಾಟದಲ್ಲಿ ಅವನನ್ನೂ ಹಿಡಿದರು. 9ನೇ ದಿನ ಜಾಮೀನು ಸಿಕ್ಕಿತು. ಆದರೆ ಅದೇ ಊರಿನ ಇಬ್ಬರು ಶ್ಯೂರಿಟಿ ನಿಲ್ಲಬೇಕು, ಅವರ ಹೆಸರಿನಲ್ಲಿ ಜಮೀನಿನ ಆರ್‌ಟಿಸಿ (ಪಹಣಿ) ಇರಬೇಕು ಅಂದರು. ಅಲ್ಲಿ ನಮಗೆ ಯಾರ ಗುರುತು? ನನ್ನ ಹೆಸರಿನಲ್ಲಿ ಇಲ್ಲಿ 30 ಸೆಂಟ್ಸ್ ಜಾಗ ಇದೆ, ಅದು ಅಲ್ಲಿ ನಡೆಯಲಿಲ್ಲ. ಕೊನೆಗೆ ಬೇಕರಿಗೆ ಹಾಲು ಹಾಕುವ ರೈತರೊಬ್ಬರು ಕನಿಕರಪಟ್ಟು ತಮ್ಮ ಅಣ್ಣನನ್ನೂ ಕರೆದುಕೊಂಡು ಕೋರ್ಟಿಗೆ ಬಂದರು. ಹುಡುಗ ಹೊರಗೆ ಬಂದದ್ದು 26ನೇ ದಿನ. "ಮಾವ, ಒಂದು ಮಗ್ಗುಲಲ್ಲಿ ಮಲಗಿದರೆ ಬೆಳಗಿನವರೆಗೆ ಹಾಗೇ. ಎದ್ದು ಬಾತ್‌ರೂಮಿಗೆ ಹೋಗಿ ಬಂದರೆ ನಮ್ಮ ಜಾಗ ಇರುತ್ತಿರಲಿಲ್ಲ" ಅಂದ. ನನ್ನ ತಂಗಿ ಒಳಗೆ ಹೋಗಿ ಅತ್ತಳು.

ಜಡ್ಜರು ಬಿಡಿ ಅಂದ ಮೇಲೂ ಅವನು 17 ದಿನ ಅಲ್ಲೇ ಮಲಗಿದ. ಆ ಜಾಗ ಇನ್ನೊಬ್ಬನಿಗೆ ಸಿಗಬೇಕಿತ್ತು.

ನಮ್ಮ ಹುಡುಗನಿಗೆ ಅಲ್ಲಿ ಆದದ್ದು ಬಾಗಲಕೋಟೆ, ಕೊಪ್ಪಳದಿಂದ ಇಲ್ಲಿಗೆ ಕೂಲಿಗೆ ಬಂದ ಹುಡುಗನಿಗೂ ಆಗಬಹುದು. ಮಂಗಳೂರಿನಲ್ಲಿ ಅವನಿಗೆ ಶ್ಯೂರಿಟಿ ನಿಲ್ಲುವವರು ಯಾರು? ಜಾಮೀನು ಸಿಕ್ಕಿ 7 ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲ್ ಸೂಪರಿಂಟೆಂಡೆಂಟ್ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಊರಿನವರೇ ಶ್ಯೂರಿಟಿ ಬೇಕು ಅನ್ನುವ ಹಟದಿಂದ ಬಿಡುಗಡೆ ತಡವಾಗುತ್ತಿದೆ, ಆ ಷರತ್ತು ಹಾಕದಿರುವುದು ಒಳ್ಳೆಯದು ಅಂತಲೂ ಹೇಳಿದೆ. ಇದು ನಮಗೆ ಆಮೇಲೆ ಒಬ್ಬ ವಕೀಲರಿಂದ ಗೊತ್ತಾಯಿತು.

ದೇಶದ ಲೆಕ್ಕ ನೋಡಿ. 2022ರ ಕೊನೆಗೆ ಎಲ್ಲ ಜೈಲುಗಳಲ್ಲಿ ಇದ್ದ ಜಾಗ 4,36,266 ಜನರಿಗೆ. ಒಳಗಿದ್ದವರು 5,73,220. ಅದರಲ್ಲಿ ವಿಚಾರಣೆ ಮುಗಿಯದವರೇ 4,34,302. ಅಂದರೆ ತಪ್ಪು ಸಾಬೀತಾಗದವರಿಂದಲೇ ಹೆಚ್ಚು ಕಡಿಮೆ ಎಲ್ಲ ಜಾಗ ತುಂಬಿತ್ತು. ಹಿಂದೆ ಯಾವ ಕೇಸಿನಲ್ಲೂ ತಪ್ಪಿತಸ್ಥರು ಅಂತ ತೀರ್ಪಾಗದವರು ಈಗಿನ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಅವರನ್ನು ಬಿಡಬೇಕು ಅಂತ 2024ರ ಜುಲೈಯಲ್ಲಿ ಬಂದ ಹೊಸ ಕಾನೂನು ಹೇಳುತ್ತದೆ. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದಿಲ್ಲ. ಬೇರೆ ಕೇಸುಗಳು ಬಾಕಿ ಇದ್ದವರಿಗೂ ಇಲ್ಲ. ಇದಕ್ಕೆ ಕೋರ್ಟಿಗೆ ಅರ್ಜಿ ಹಾಕುವ ಕೆಲಸ ಜೈಲ್ ಸೂಪರಿಂಟೆಂಡೆಂಟರದ್ದೇ.

ಲಾಡ್ಜಿನ ಲೆಕ್ಕ ಹೀಗಿರುತ್ತದೆ. ತಿಂಗಳಿಗೆ 60 ಜನ ಬಂದು ಒಬ್ಬೊಬ್ಬರು 4 ತಿಂಗಳು ಇದ್ದರೆ 240 ಹಾಸಿಗೆ ಬೇಕು. ಅದೇ 60 ಜನ 2 ತಿಂಗಳಿಗೆ ಹೋದರೆ 120 ಸಾಕು. ಇದು ಉದಾಹರಣೆ ಮಾತ್ರ, ಇಲ್ಲಿನ ಅಂಕಿ ಅಲ್ಲ. ಇವತ್ತು ತುಂಬಿರುವ ತಲೆ ಎಣಿಸಿ ಅದಕ್ಕೆ ಸ್ವಲ್ಪ ಸೇರಿಸಿ ಕಟ್ಟಿದರೆ ತಪ್ಪು ಲೆಕ್ಕವನ್ನೇ ಸಿಮೆಂಟಿನಲ್ಲಿ ಕಟ್ಟಿದ ಹಾಗೆ.

ಹಾಗಂತ ಹೊಸ ಜೈಲು ಬೇಡ ಅಂತ ನಾನು ಹೇಳುತ್ತಿಲ್ಲ. ಮಂಗಳೂರು ಪೇಟೆಯೊಳಗಿನ ಕೊಡಿಯಾಲಬೈಲಿನ ಜೈಲಿನ ಸುತ್ತ ಪೇಟೆ ಬೆಳೆದಿದೆ, ಅಗಲ ಮಾಡಲಿಕ್ಕೆ ಜಾಗವೇ ಇಲ್ಲ. 2015ರ ನವೆಂಬರಿನಲ್ಲಿ ಅಲ್ಲಿ ಕೈದಿಗಳ ಹೊಡೆದಾಟದಲ್ಲಿ ಇಬ್ಬರು ಸತ್ತರು. ಪರಸ್ಪರ ಹಗೆ ಇರುವವರನ್ನು ಬೇರೆ ಬೇರೆ ಇಡಬೇಕು. ಹೆಂಗಸರ ಬ್ಲಾಕಿನಲ್ಲಿ ಜಾಗ ಇದ್ದರೂ ಗಂಡಸರನ್ನು ಹಾಕಲಿಕ್ಕಾಗುವುದಿಲ್ಲ. ಹಾಗಾಗಿ 100 ಜನರ ಜಾಗದಲ್ಲಿ 100 ಜನ ಇದ್ದರೂ ಅದು ತುಂಬಿ ತುಳುಕಿದ ಹಾಗೆಯೇ. ಒಂದಿಷ್ಟು ಕೋಣೆ ಯಾವಾಗಲೂ ಖಾಲಿ ಇರಬೇಕು. ಮುಂದೆ ಬೇಕಾದರೆ ಕಟ್ಟಲಿಕ್ಕೆ ಜಾಗ ಬಿಟ್ಟು ಹಂತ ಹಂತವಾಗಿ ಕಟ್ಟಲಿ.

ಇನ್ನೊಂದು ಮಾತು. ಮುಡಿಪಿನಿಂದ ಮಂಗಳೂರು ಕೋರ್ಟಿಗೆ ಸುಮಾರು 20 ಕಿಲೋಮೀಟರ್. ವ್ಯಾನು, ಬೆಂಗಾವಲಿಗೆ ಪೊಲೀಸರು ಸಿಗದಿದ್ದರೆ ಕೇಸು ಮುಂದೆ ಹೋಗುತ್ತದೆ, ಒಳಗಿನ ದಿನಗಳು ಮತ್ತೆ ಏರುತ್ತವೆ. ಗೋಡೆಯ ಖರ್ಚಿನ ಜತೆ ಇದನ್ನೂ ಈಗಲೇ ಬರೆದಿಡಲಿ. ನೋಡಲಿಕ್ಕೆ ಬರುವ ತಾಯಂದಿರಿಗೆ ಮಳೆಯಲ್ಲಿ ನಿಲ್ಲಲಿಕ್ಕೆ ಒಂದು ಮಾಡು ಕೂಡ.

ನನ್ನ ಬೇಡಿಕೆ ಸಣ್ಣದು. ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಹಿರಿಯಡಕ ಎರಡೂ ಜೈಲುಗಳಲ್ಲಿ ಜಾಮೀನು ಸಿಕ್ಕಿಯೂ ಒಳಗೇ ಇರುವವರು ಎಷ್ಟು ಜನ, ಎಷ್ಟು ದಿನದಿಂದ ಇದ್ದಾರೆ ಅಂತ ಪ್ರತಿ ತಿಂಗಳು ಜೈಲಿನ ಗೇಟಿನ ಬೋರ್ಡಿನಲ್ಲಿ ಬರೆಯಲಿ. ಹೆಸರು ಬೇಡ, ಅಂಕಿ ಸಾಕು.

— ನಿವೃತ್ತ ಲಾಡ್ಜ್ ಮ್ಯಾನೇಜರ್, ಬಿಜೈ, ಮಂಗಳೂರು